ಗೆದ್ದವನಿಗೆ ತಪ್ಪಿದ ರಾಷ್ಟ್ರಗೀತೆ

ಇವತ್ತು ರಾಜಕೀಯ ಬ್ಯಾಡ. ರೇಸಿನ ಮಾತು ಆಡೋಣ.

ಕಲಬುರಗಿ ಜೇವರ್ಗಿ ಕಾಲೋನಿಯೊಳಗ ಸಂಜಿಗೆ ಹುಡುಗರು ಕ್ರಿಕೆಟ್ ಆಡೋದು ನೋಡ್ರಿ. ರನೌಟ್ ಜಗಳ ಎರಡೇ ನಿಮಿಷದಾಗ ಮುಗೀತದ. ಯಾಕಂದ್ರ ಕತ್ತಲಾಗ್ತದ, ಆಟ ನಡೀಬೇಕು. ಆದ್ರ ಬ್ಯಾಟ್ ಯಾರದೋ ಅವನೇ ನಾಟೌಟ್! ತೀರ್ಪು ಬೇಗ ಬಂತು, ನ್ಯಾಯ ಬರಲಿಲ್ಲ.

ಕೋಟಿ ಕೋಟಿ ಸುರಿಯುವ ಮೋಟಾರ್ ರೇಸಿನಲ್ಲೂ ಇದೇ ಸಮಸ್ಯೆ.

2024ರ ಜುಲೈ 20. ಹಂಗೇರಿಯಲ್ಲಿ ಫಾರ್ಮುಲಾ 2 ಸ್ಪ್ರಿಂಟ್ ರೇಸ್. ಮೊದಲು ಗುರಿ ಮುಟ್ಟಿದವನು ನೆದರ್‌ಲೆಂಡ್ಸ್‌ನ ರಿಚರ್ಡ್ ವರ್ಶೂರ್. ಎರಡನೆಯವನು ನಮ್ಮ ಬೆಂಗಳೂರಿನ ಕುಶ್ ಮೈನಿ. ಆಮೇಲೆ ತಪಾಸಣೆ ನಡೆಯಿತು. ವರ್ಶೂರ್ ಕಾರು ತಾಂತ್ರಿಕ ನಿಯಮಕ್ಕೆ ಹೊಂದಲಿಲ್ಲ, ಅನರ್ಹಗೊಳಿಸಿದರು. ಗೆಲುವು ಕುಶ್‌ಗೆ ಬಂತು. ಆದರೆ ಅಷ್ಟೊತ್ತಿಗೆ ವೇದಿಕೆ ಖಾಲಿ. ಜನಗಣಮನ ಮೊಳಗಲೇ ಇಲ್ಲ. ಅದಕ್ಕಾಗಿ ಆತ 2025ರ ಮೇ ತಿಂಗಳಲ್ಲಿ ಮೊನಾಕೊ ಸ್ಪ್ರಿಂಟ್ ಗೆಲ್ಲುವವರೆಗೆ ಕಾಯಬೇಕಾಯಿತು.

ಹಾಗಾದ್ರ ಅವಸರ ಮಾಡಿದ್ರ ಸರಿ ಹೋಗ್ತದೇನು? ಇಲ್ರೀ. 2021ರ ಡಿಸೆಂಬರ್ 12, ಅಬುಧಾಬಿ. ಹ್ಯಾಮಿಲ್ಟನ್, ವೆರ್‌ಸ್ಟಾಪನ್ ಇಬ್ಬರ ಅಂಕವೂ ಸಮ. ಕೊನೆಯ ಸುತ್ತುಗಳಲ್ಲಿ ಅಪಘಾತ, ಸೇಫ್ಟಿ ಕಾರ್ ಬಂತು. ಹಿಂದುಳಿದ ಕಾರುಗಳಲ್ಲಿ ಇವರಿಬ್ಬರ ನಡುವೆ ಇದ್ದ ಐದನ್ನು ಮಾತ್ರ ಮುಂದೆ ಬಿಟ್ಟು, ಒಂದೇ ಸುತ್ತಿಗೆ ರೇಸ್ ಮತ್ತೆ ಶುರು ಮಾಡಿಸಿದರು. ವೆರ್‌ಸ್ಟಾಪನ್ ಚಾಂಪಿಯನ್ ಆದ. ಅಲ್ಲಿ ಮಾನವ ಲೋಪ ಆಗಿತ್ತು ಅಂತ ಎಫ್‌ಐಎ ವರದಿ ಹೇಳಿದ್ದು ಮುಂದಿನ ಮಾರ್ಚ್‌ನಲ್ಲಿ. ಫಲಿತಾಂಶ ಬದಲಾಗಲಿಲ್ಲ.

ನಾನು ಎಂಜಿನಿಯರಿಂಗ್ ಓದಿದವನು. ನನಗೆ ಕಾಣೋದು ಇಷ್ಟೇ: ಅಳೆಯುವ ತಪ್ಪು ಬೇರೆ, ತೂಗಿ ನೋಡುವ ತಪ್ಪು ಬೇರೆ.

ಪಿಟ್ ಲೇನ್‌ನಲ್ಲಿ ವೇಗ ಮೀರಿದರೆ, ಸಿಗ್ನಲ್‌ಗೆ ಮುಂಚೆ ಕಾರು ಅಲುಗಾಡಿದರೆ ಸೆನ್ಸರ್ ಹಿಡಿಯುತ್ತದೆ. ಅಲ್ಲಿ ಚರ್ಚೆಯೇ ಬೇಡ. ಇಂಥ ಪಟ್ಟಿ ಬೆಳೆಯಬೇಕು. ಆದರೆ ಎಲ್ಲವನ್ನೂ ಮೊದಲೇ ಅಳೆಯಲಾಗದು, ಒಪ್ಪುತ್ತೇನೆ. ಹಂಗೇರಿಯ ಮರುವಾರವೇ ಬೆಲ್ಜಿಯಂನಲ್ಲಿ ಗೆದ್ದ ಜಾರ್ಜ್ ರಸೆಲ್ ಕಾರು ಒಂದೂವರೆ ಕೆಜಿ ಕಡಿಮೆ ತೂಗಿತು. ಗೆಲುವು ಹೋಯಿತು. ಅದನ್ನು ರೇಸ್ ಮುಗಿದ ಮೇಲೇ ತೂಗಬೇಕು. ಹಾಗಿದ್ದರೆ ನಿಜವಾಗಿ ಗೆದ್ದವನಿಗೆ ಮರುದಿನ, ಅದೇ ಟ್ರ್ಯಾಕಿನಲ್ಲಿ, ಅದೇ ಜನರ ಮುಂದೆ ಟ್ರೋಫಿ ಕೊಟ್ಟು ರಾಷ್ಟ್ರಗೀತೆ ನುಡಿಸಲಿ. ಸ್ಪ್ರಿಂಟ್ ನಡೆಯುವುದು ಶನಿವಾರ, ಭಾನುವಾರ ಹೇಗೂ ಎಲ್ಲರೂ ಅಲ್ಲೇ ಇರುತ್ತಾರಲ್ಲ!

ಯಾರು ಯಾರನ್ನು ತಳ್ಳಿದರು ಎಂಬುದಕ್ಕೆ ಮಾತ್ರ ಮನುಷ್ಯನೇ ಬೇಕು. ಇಲ್ಲಿ ತೊಂದರೆ ಏನೆಂದರೆ, ಸ್ಟೂವರ್ಡ್‌ಗಳ ತಂಡ ರೇಸಿಂದ ರೇಸಿಗೆ ಬದಲಾಗುತ್ತದೆ. ಪೂರ್ಣಾವಧಿಯ, ಸಂಬಳ ಪಡೆಯುವ ಒಂದೇ ತಂಡ ಇರಲಿ. ಆಗ ಒಂದೇ ತಪ್ಪಿಗೆ ಒಂದೇ ಶಿಕ್ಷೆ ಸಿಕ್ಕೀತು.

ಈ ಮಾತು ಕಲಬುರಗಿಗೆ ಬೇರೆ ಹೇಳಬೇಕಾಗಿಲ್ಲ. 2008ರಲ್ಲಿ ಹೈಕೋರ್ಟ್ ಸಂಚಾರಿ ಪೀಠ ಬರುವವರೆಗೆ ನಮ್ಮವರು ತೀರ್ಪಿಗಾಗಿ ರಾತ್ರಿಯಿಡೀ ಬೆಂಗಳೂರಿನ ದಾರಿ ಹಿಡಿದವರು. ಪೀಠ ಕಾಯಂ ಆದದ್ದು 2013ರಲ್ಲಿ. ನ್ಯಾಯ ಸರಿ ಇದ್ದರೆ ಸಾಲದು, ಅದು ಸಿಕ್ಕಾಗ ಮನುಷ್ಯ ಇನ್ನೂ ಅಲ್ಲಿ ನಿಂತಿರಬೇಕು.