ಕಾಡು ಮುಚ್ಚಿದ ವಾಯುನೆಲೆಗಳು

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನು ಮಾತಿಗೆ ನಿಂತನೆಂದರೆ ಪಂಪನೋ ಕುಮಾರವ್ಯಾಸನೋ ಬಂದೇ ಬರುವನೆಂದು ತಾವು ನಿರೀಕ್ಷಿಸುವುದು ಸಹಜ. ಆದರೆ ಈ ವರ್ಷ ಸಂಘದ ತರುಣರು ಲೋಕದ ಸಂಗತಿಯೊಂದನ್ನು ಹೇಳಬೇಕೆಂದು ಪಟ್ಟು ಹಿಡಿದರು. ಆದುದರಿಂದ ಶಾಂತಸಾಗರದ ನಡುಗಡ್ಡೆಗಳ ವಿಷಯವನ್ನು ಆರಿಸಿಕೊಂಡಿದ್ದೇನೆ. ಎರಡನೆಯ ಮಹಾಯುದ್ಧದಲ್ಲಿ ಅವಸರದಿಂದ ಕಟ್ಟಿ, ಯುದ್ಧ ಮುಗಿದ ಬಳಿಕ ತೊರೆದುಹೋದ ವಾಯುನೆಲೆಗಳನ್ನು ಅಮೆರಿಕದ ಸೇನೆ ಸುಮಾರು ಎಂಬತ್ತು ವರ್ಷಗಳ ಮೇಲೆ ಮರಳಿ ತೆರೆಯಲು ಹೊರಟಿದೆ. ಅದು ಏಕೆ, ಆ ನೆಲದವರ ಪಾಲಿಗೆ ಅದರ ಅರ್ಥವೇನು ಎಂಬುದೇ ಇಂದಿನ ನನ್ನ ಮಾತು.

ಮರಿಯಾನಾ ದ್ವೀಪಮಾಲೆಯಲ್ಲಿ ಟಿನಿಯನ್ ಎಂಬುದೊಂದು ದ್ವೀಪ. ವಿಸ್ತಾರ ಸುಮಾರು 100 ಚದರ ಕಿಲೋಮೀಟರು. 1944ರವರೆಗೆ ಅದು ಜಪಾನೀಯರ ಕಬ್ಬಿನ ಗದ್ದೆ. ಆ ವರ್ಷದ ಜುಲೈ 24ರಂದು ಅಮೆರಿಕನ್ನರು ಇಳಿದರು. ಆಗಸ್ಟ್ 1ರ ಹೊತ್ತಿಗೆ ದ್ವೀಪ ಅವರ ವಶವಾಯಿತು. ಕೂಡಲೇ ನೌಕಾಪಡೆಯ ಕಟ್ಟಡದ ದಳದವರು ಹವಳದ ಕಲ್ಲನ್ನು ಅಗೆದು, ಪುಡಿಮಾಡಿ, ಹಾಸಿ, ರೋಲರಿನಿಂದ ಅದುಮಿ, ಉತ್ತರದ ತುದಿಯಲ್ಲಿ ನಾಲ್ಕು ರನ್‌ವೇಗಳನ್ನು ಒಂದರ ಪಕ್ಕದಲ್ಲೊಂದರಂತೆ ಕಟ್ಟಿದರು. ಒಂದೊಂದರ ಉದ್ದವೂ ಎರಡೂವರೆ ಕಿಲೋಮೀಟರಿಗಿಂತ ಹೆಚ್ಚು. ದ್ವೀಪದ ಆಕಾರ ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಂತಿದೆ ಎಂದು ಅಲ್ಲಿನ ಬೀದಿಗಳಿಗೆ ಬ್ರಾಡ್‌ವೇ ಮೊದಲಾದ ಹೆಸರುಗಳನ್ನೂ ಇಟ್ಟರು! ಊರಿನ ನೆನಪು ಮನುಷ್ಯನನ್ನು ಎಲ್ಲಿಯೂ ಬಿಡದು.

ಅಲ್ಲಿಂದ ಜಪಾನಿಗೆ ಸುಮಾರು 2,400 ಕಿಲೋಮೀಟರು. ಬಿ-29 ವಿಮಾನ ಬಾಂಬು ಹೊತ್ತು ಹೋಗಿ, ಮರಳಿ ಬರಬಲ್ಲ ದೂರ. ದ್ವೀಪದ ಬೆಲೆಯೆಲ್ಲ ಇದ್ದುದು ಈ ಲೆಕ್ಕದಲ್ಲಿ. 1945ರ ಆಗಸ್ಟ್ 6ರ ನಸುಕಿನಲ್ಲಿ ಹಿರೋಷಿಮಾದ ಮೇಲೆ ಬಾಂಬು ಹಾಕಲು ‘ಎನೋಲಾ ಗೇ’ ಹಾರಿದುದು ಇಲ್ಲಿಂದ. ಮೂರು ದಿನಗಳ ಮೇಲೆ ನಾಗಾಸಾಕಿಯ ಬಾಂಬನ್ನು ಹೊತ್ತ ‘ಬಾಕ್ಸ್‌ಕಾರ್’ ಹಾರಿದುದೂ ಇಲ್ಲಿಂದಲೇ. ಆ ಬಾಂಬುಗಳ ಗಾತ್ರ ವಿಮಾನದ ಹೊಟ್ಟೆಯಡಿಗೆ ನುಸುಳದಷ್ಟು ದೊಡ್ಡದು. ಅದಕ್ಕಾಗಿ ನೆಲದಲ್ಲಿ ಗುಂಡಿ ತೋಡಿ, ಬಾಂಬನ್ನು ಅದರೊಳಗಿಳಿಸಿ, ವಿಮಾನವನ್ನು ಮೇಲೆ ತಂದು ನಿಲ್ಲಿಸಿ, ಕೆಳಗಿನಿಂದ ಎತ್ತಿ ತುಂಬಿದರು. ಆ ಎರಡು ಗುಂಡಿಗಳು ಗಾಜಿನ ಹೊದಿಕೆಯಡಿ ಇಂದಿಗೂ ಉಳಿದಿವೆ. 1947ರಲ್ಲಿ ನೆಲೆಯನ್ನು ತೊರೆದರು. ಹಾಸಿನ ಮೇಲೂ ಸುತ್ತಲೂ ಪೊದೆ ಬೆಳೆಯಿತು. ಯಾವ ಪೊದೆ ಎನ್ನುವಿರಿ? ನಮ್ಮ ರೈತರು ಮೇವಿಗೆಂದು ಬದುವಿನಲ್ಲಿ ಬೆಳೆಸುವ ಸುಬಾಬುಲ್ ಗಿಡವೇ.

2023ರ ಡಿಸೆಂಬರಿನಲ್ಲಿ ಅಮೆರಿಕದ ಪೆಸಿಫಿಕ್ ವಾಯುಪಡೆಯ ಅಂದಿನ ದಂಡನಾಯಕರಾದ ಜನರಲ್ ಕೆನೆತ್ ವಿಲ್ಸ್‌ಬಾಕ್ ಅವರು ಆ ನೆಲೆಯನ್ನು ಕಾಡಿನಿಂದ ಬಿಡಿಸಿಕೊಳ್ಳುವುದಾಗಿ ಹೇಳಿದರು. 2024ರಲ್ಲಿ ಪೊದೆ ಸವರುವ ಕೆಲಸವೂ ನಡೆಯಿತು.

ಸುಮಾರು 200 ಕಿಲೋಮೀಟರು ದಕ್ಷಿಣಕ್ಕೆ ಗುವಾಮಿನಲ್ಲಿ ಸಕಲ ಸೌಕರ್ಯಗಳಿಂದ ಕೂಡಿದ ಆಂಡರ್ಸನ್ ನೆಲೆ ಇರುವಾಗ ಈ ಹಳೆಯ ಹಾಸು ಏಕೆ ಬೇಕು? ಸಕಲವೂ ಒಂದೆಡೆ ಇರುವುದೇ ಈಗಿನ ಭಯ. ಕೌಟಿಲ್ಯನು ದುರ್ಗಗಳನ್ನು ವಿಂಗಡಿಸುವಾಗ ನೀರು ಸುತ್ತುವರಿದ ಔದಕ ದುರ್ಗವನ್ನು ಮೊದಲು ಹೇಳುತ್ತಾನೆ. ಅವನ ಕಾಲದಲ್ಲಿ ನೀರೇ ಕೋಟೆ. ಚೀನದ ಡಿಎಫ್-26 ಕ್ಷಿಪಣಿಯ ನೆಗೆತ ಸುಮಾರು 4,000 ಕಿಲೋಮೀಟರು. ಚೀನದ ನೆಲದಿಂದ ಗುವಾಮನ್ನು ಮುಟ್ಟಲು ಅಷ್ಟು ಸಾಕು. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನನ್ನು ನೀರು ಎಷ್ಟು ಕಾಯಿತೆಂಬುದು ತಮಗೆ ತಿಳಿದೇ ಇದೆ. (ನೋಡಿ, ರನ್ನನು ಬಂದೇಬಿಟ್ಟ!) ಒಂದೇ ನೆಲೆಯಲ್ಲಿ ಸಾಲಾಗಿ ನಿಂತ ವಿಮಾನಗಳನ್ನು ಒಂದೇ ಬೆಳಗಿನಲ್ಲಿ ಸುಡಬಹುದು. ಅದಕ್ಕಾಗಿ ಅವನ್ನು ಸಣ್ಣ ಸಣ್ಣ ಗುಂಪುಗಳಾಗಿ ಒಡೆದು, ಇಂದು ಈ ದ್ವೀಪ, ನಾಳೆ ಆ ದ್ವೀಪವೆಂದು ಚದರಿಸುವುದು ಹೊಸ ಯುದ್ಧನೀತಿ. ಹತ್ತು ಕಡೆ ಹುಡುಕಬೇಕಾದ ಶತ್ರುವು ಹತ್ತರಷ್ಟು ಕ್ಷಿಪಣಿಗಳನ್ನು ವ್ಯಯಮಾಡಬೇಕಾಗುವುದು. ಅಂಥ ಚದರಿಕೆಗೆ ಹಳೆಯ ನೆಲೆಗಳೇ ಸಲೀಸು: ನೆಲ ಸಮತಟ್ಟಾಗಿದೆ, ಹವಳದ ಅಡಿಪಾಯ ಗಟ್ಟಿಯಾಗಿದೆ.

ಇಷ್ಟೆಲ್ಲ ಒಪ್ಪುವಂಥದೇ. ಆದರೂ ರನ್‌ವೇ ಒಂದಿದ್ದ ಮಾತ್ರಕ್ಕೆ ಅದು ನೆಲೆಯಾಗದೆಂಬುದು ನನ್ನ ಅಲ್ಪಮತಿಗೆ ತೋರುವ ಮಾತು. ಎಣ್ಣೆ, ಮದ್ದುಗುಂಡು, ಅನ್ನ, ಎಲ್ಲವೂ ಹಡಗಿನಲ್ಲಿಯೇ ಬರಬೇಕು. ಆ ಹಡಗನ್ನು ಕಾಯುವವರೂ ಬೇಕು. ಹತ್ತು ನೆಲೆಗಳೆಂದರೆ ಹತ್ತು ಕಡೆಗೆ ಸಾಗಣೆ.

ಪಲಾವು ದೇಶಕ್ಕೆ ಸೇರಿದ ಪೆಲೆಲಿಯು ದ್ವೀಪದ ಕಥೆ ಇನ್ನೂ ದಾರುಣ. ಅಲ್ಲಿನ ವಾಯುನೆಲೆಯನ್ನು ಕೆಲವೇ ದಿನಗಳಲ್ಲಿ ಗೆಲ್ಲುವೆವೆಂದು 1944ರ ಸೆಪ್ಟೆಂಬರ್ 15ರಂದು ಅಮೆರಿಕದ ಮರೀನ್ ಪಡೆ ಇಳಿಯಿತು. ಕಾಳಗ ಮುಗಿದುದು ನವೆಂಬರ್ 27ಕ್ಕೆ. ಜಪಾನೀಯರಲ್ಲಿ ಸತ್ತವರೇ 10,000ಕ್ಕೂ ಹೆಚ್ಚು. ಆ ನೆಲೆ ಅಷ್ಟು ಅಗತ್ಯವಾಗಿತ್ತೇ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಆ ನೆಲದಲ್ಲಿ ಸಿಡಿಯದೆ ಉಳಿದ ಗುಂಡುಗಳನ್ನು ಹುಡುಕಿ ತೆಗೆದು, ಹಾದಿ ಸರಿಪಡಿಸಿದ ಮೇಲೆ, 2024ರ ಜೂನಿನಲ್ಲಿ ಮರೀನ್ ಪಡೆಯ ಸಾಗಣೆಯ ವಿಮಾನವೊಂದು ಅಲ್ಲಿ ಇಳಿಯಿತು. ಆ ರನ್‌ವೇಗೆ ಅಲ್ಲಿಯೇ ಹೋರಾಡಿ, ಕಂಡುದನ್ನು ಮುಚ್ಚುಮರೆಯಿಲ್ಲದೆ ಬರೆದ ಯೂಜೀನ್ ಸ್ಲೆಜ್ ಅವರ ಹೆಸರಿಟ್ಟಿದ್ದಾರೆ.

ಇನ್ನು ಜನರ ಮಾತು. ಟಿನಿಯನ್ನಿನಲ್ಲಿ ಇರುವವರು ಸುಮಾರು 2,000 ಮಂದಿ. ಮೂಲನಿವಾಸಿಗಳಾದ ಚಮೋರೋ ಜನರನ್ನು ಹಿಂದೆ ಸ್ಪೇನಿನವರು ದ್ವೀಪ ಬಿಡಿಸಿ ಗುವಾಮಿಗೆ ಸಾಗಿಸಿದ್ದರು. ಆಮೇಲೆ ಜರ್ಮನರು, ಜಪಾನೀಯರು, ಅಮೆರಿಕನ್ನರು. 1983ರ ಗುತ್ತಿಗೆಯಂತೆ ದ್ವೀಪದ ಸುಮಾರು ಮೂರರಲ್ಲಿ ಎರಡು ಪಾಲು 50 ವರ್ಷಗಳ ಕಾಲ ಅಮೆರಿಕದ ಸೇನೆಗೆ ಸೇರಿದೆ; ಬೇಕೆಂದರೆ ಇನ್ನೂ 50 ವರ್ಷ. ಅಲ್ಲಿನವರು ಅಮೆರಿಕದ ಪ್ರಜೆಗಳೇ. ಆದರೆ ಆ ಸೇನೆಗೆ ಅಪ್ಪಣೆ ಕೊಡುವ ಅಧ್ಯಕ್ಷರ ಚುನಾವಣೆಯಲ್ಲಿ ಅವರಿಗೆ ಮತವಿಲ್ಲ. ಕೆಲಸ ಸಿಕ್ಕೀತೆಂದು ನೆಲೆಯನ್ನು ಸ್ವಾಗತಿಸುವವರೂ ಇದ್ದಾರೆ, ಅದನ್ನು ಮರೆಮಾಡಲಾರೆ. ಆದರೆ ದ್ವೀಪದಲ್ಲಿ ಗುಂಡು ಹಾರಿಸುವ ಅಭ್ಯಾಸದ ಬಯಲುಗಳು ಬೇಡವೆಂದು 2016ರಲ್ಲಿ ಅಲ್ಲಿನ ಮಹಿಳಾ ಸಂಘದವರು ಇತರರೊಡನೆ ಸೇರಿ ನ್ಯಾಯಾಲಯದ ಮೆಟ್ಟಿಲನ್ನೇರಿದರು. ವ್ಯಾಜ್ಯ ಗೆಲ್ಲಲಿಲ್ಲ. ಗೆರೆ ಎಳೆಯುವಾಗ ನಮ್ಮನ್ನು ಕೇಳಿದವರಾರು ಎಂಬ ಪ್ರಶ್ನೆ ಈ ಸಭೆಗೆ ಹೊಸದಲ್ಲ. ಆದರೂ ನಮ್ಮ ಅಳಲನ್ನು ಅವರ ಅಳಲಿನ ಪಕ್ಕದಲ್ಲಿಡಲು ನನಗೆ ಸಂಕೋಚವಾಗುತ್ತದೆ. ನಮಗೆ ಮತವಾದರೂ ಇದೆ.

ಇದೆಲ್ಲ ದೂರದ ಸಮುದ್ರದ ಸುದ್ದಿ ಎನ್ನುವವರು ನಮ್ಮ ಕಾರ್ ನಿಕೋಬಾರನ್ನು ನೆನೆಯಲಿ. 1942ರಿಂದ 1945ರವರೆಗೆ ಆ ದ್ವೀಪಗಳನ್ನು ಆಳಿದ ಜಪಾನೀಯರು ನಿಕೋಬಾರಿಗಳನ್ನು ಬಲವಂತದಿಂದ ದುಡಿಸಿ ಅಲ್ಲಿ ವಿಮಾನ ಇಳಿಯುವ ಹಾದಿ ಮಾಡಿಸಿದರು. ಅದೇ ಮುಂದೆ ಭಾರತದ ವಾಯುನೆಲೆಯಾಯಿತು. ಅದಕ್ಕೆ ಕಾಡು ಮುಚ್ಚಲಿಲ್ಲ. 2004ರ ಡಿಸೆಂಬರ್ 26ರಂದು ಸಮುದ್ರವೇ ಮುಚ್ಚಿತು. ವಾಯುಪಡೆಯವರೂ ಅವರ ಮನೆಯವರೂ ಸೇರಿ ನೂರಕ್ಕೂ ಹೆಚ್ಚು ಮಂದಿ ಸುನಾಮಿಯ ಪಾಲಾದರು. ರನ್‌ವೇಯಲ್ಲಿ ಅಳಿಯದೆ ಉಳಿದ ಭಾಗದ ಮೇಲೆಯೇ ಪರಿಹಾರದ ವಿಮಾನಗಳು ಇಳಿದವು.

ಜಪಾನೀಯರ ಆಳಿಕೆಯಲ್ಲಿ ಅಲ್ಲಿ ಸೆರೆವಾಸ ಕಂಡವರಲ್ಲಿ ಜಾನ್ ರಿಚರ್ಡ್‌ಸನ್ ಎಂಬ ನಿಕೋಬಾರಿ ಪಾದ್ರಿಗಳೂ ಒಬ್ಬರು. ಬದುಕಿ ಹೊರಬಂದ ಅವರು ಮುಂದೆ ಬಿಷಪ್ಪರಾದರು. 1952ರಲ್ಲಿ ಮೊದಲನೆಯ ಲೋಕಸಭೆಗೆ ನಾಮಕರಣಗೊಂಡು ದೆಹಲಿಯಲ್ಲಿ ಕುಳಿತರು. ಬೈಬಲ್ಲಿನ ಹೊಸ ಒಡಂಬಡಿಕೆಯನ್ನು ತಮ್ಮವರ ನುಡಿಗೆ ತಂದವರೂ ಅವರೇ.