ಒಂದೇ ಮನೆ, ಮೂವರು ಹಿರಿಯ ನಾಗರಿಕರು

ಸರಕಾರದ ಲೆಕ್ಕದಲ್ಲಿ ನಮ್ಮ ಮನೆಯಲ್ಲಿ ಇರುವವರೆಲ್ಲ ಹಿರಿಯ ನಾಗರಿಕರೇ. 60 ತುಂಬಿದವರೆಲ್ಲ ಹಿರಿಯರು ಎನ್ನುತ್ತದೆ 2007ರ ಕಾಯ್ದೆ. ನನಗೆ 63, ನಮ್ಮ ಮನೆಯವರಿಗೆ 67, ಅತ್ತೆಗೆ 88. ಸರಕಾರಿ ಬಸ್ಸು ಹತ್ತಿದರೆ ನಮ್ಮವರಿಗೆ ಟಿಕೆಟ್ಟಿನಲ್ಲಿ ನೂರಕ್ಕೆ 25 ಬಿಡುತ್ತಾರೆ. ಹೆಂಗಸರಿಗೆ 2023ರ ಜೂನ್‌ನಿಂದ ಟಿಕೆಟ್ಟಿಗೆ ದುಡ್ಡೇ ಇಲ್ಲ. ಆದರೆ ಅತ್ತೆ ಬಸ್ಸಿನ ಮೆಟ್ಟಿಲು ಹತ್ತುವ ಕಾಲ ಮುಗಿದಿದೆ. ಅವರು ಮಂಚದಿಂದ ಕುರ್ಚಿಗೆ ಬರಬೇಕಾದರೂ ಒಬ್ಬ ಹಿರಿಯ ನಾಗರಿಕರು ಮುಂದೆ, ಇನ್ನೊಬ್ಬರು ಹಿಂದೆ ನಿಲ್ಲಬೇಕು.

ಇಂಥ ಮನೆಗಳು ಬೆಳಗಾವಿಯ ಪ್ರತಿ ಗಲ್ಲಿಯಲ್ಲೂ ಸಿಗುತ್ತವೆ. ಆದರೂ ಇದು ಹೊಸ ಸಂಗತಿ. ಸ್ವಾತಂತ್ರ್ಯ ಬಂದ ಹೊತ್ತಿಗೆ ಈ ದೇಶದ ಸರಾಸರಿ ಆಯಸ್ಸು ಸುಮಾರು 32 ವರ್ಷ. ಎಲ್ಲರೂ 32ಕ್ಕೇ ಹೋಗುತ್ತಿದ್ದರು ಎಂದಲ್ಲ, ಹಸುಗೂಸುಗಳ ಸಾವು ಆ ಲೆಕ್ಕವನ್ನು ಕೆಳಕ್ಕೆ ಎಳೆದಿತ್ತು. ಈಗ ಅದು 70ರ ಆಸುಪಾಸಿನಲ್ಲಿದೆ. ಅತ್ತೆಯ ಅತ್ತೆ ಹಾಸಿಗೆ ಹಿಡಿದಾಗ ನಮ್ಮತ್ತೆಗೆ ಇನ್ನೂ ನಲವತ್ತು ದಾಟಿರಲಿಲ್ಲವಂತೆ. ಮೈಯಲ್ಲಿ ಕಸುವಿತ್ತು, ಮನೆ ತುಂಬ ಮಂದಿ ಇದ್ದರು. ಈಗ ನಾನು ಅವರಿಗೆ ಜಳಕ ಮಾಡಿಸಲು ಕೂತರೆ ಏಳುವಾಗ ನನ್ನ ಮೊಣಕಾಲನ್ನೇ ಯಾರಾದರೂ ಹಿಡಿದು ಎಬ್ಬಿಸಬೇಕು. ನಿವೃತ್ತರಾಗಿದ್ದೀರಲ್ಲ, ಹೊತ್ತು ಇದೆಯಲ್ಲ ಎನ್ನುತ್ತಾರೆ ಜನ. ಹೊತ್ತು ಇದೆ, ನಿಜ. ಸೊಂಟ ಎಲ್ಲಿಂದ ತರುವುದು?

ಅತ್ತೆ ಖಾನಾಪುರದವರು. ಬೆಳಗಾವಿಯಿಂದ ಗೋವಾ ರಸ್ತೆಯಲ್ಲಿ 26 ಕಿಲೋಮೀಟರು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಹರಿದುಹೋಗುವ ಊರು, ಮಳೆ ಹಿಡಿದರೆ ಬಿಡದ ಊರು. ಅಲ್ಲಿನ ಹಳೆಯ ಹಂಚಿನ ಮನೆಗಳನ್ನು ನೋಡಿದವರಿಗೆ ಗೊತ್ತು: ಎತ್ತರದ ಹೊಸ್ತಿಲು, ಒಳಗೆ ಅರೆಗತ್ತಲು, ಪಾಯಖಾನೆ ಹಿತ್ತಲಿನಲ್ಲಿ, ಅಲ್ಲಿಗೆ ಹೋಗಲು ಕಲ್ಲಿನ ಮೆಟ್ಟಿಲು. ಆಷಾಢದಲ್ಲಿ ಆ ಕಲ್ಲಿನ ಮೇಲೆ ಹಸಿರು ಹಾವಸೆ ಕಟ್ಟುತ್ತದೆ. ವಯಸ್ಸಾದವರು ಬೀಳುವುದು ಅಲ್ಲೇ, ಅದೂ ರಾತ್ರಿ. ಅತ್ತೆಯೂ ಅಲ್ಲೇ ಬಿದ್ದರು. ತೊಡೆಯ ಎಲುಬು ಸೊಂಟದ ಬಳಿ ಮುರಿಯಿತು. ಆಪರೇಷನ್ ಆಯಿತು, ರಾಡು ಕೂತಿತು. ಆಮೇಲೆ ಅವರನ್ನು ಆಟೋ ನಗರಕ್ಕೆ ಕರೆತಂದೆವು.

ಆಟೋ ನಗರ ಎಂದರೆ ಕ್ರಿಕೆಟ್ ನೋಡುವವರಿಗೆ ರಾಜ್ಯ ಕ್ರಿಕೆಟ್ ಸಂಸ್ಥೆಯ ಮೈದಾನ, ಲಾರಿ ಇದ್ದವರಿಗೆ ಗ್ಯಾರೇಜು, ಡೆಂಟಿಂಗ್, ಪೇಂಟಿಂಗ್, ವೆಲ್ಡಿಂಗ್. ಮುದುಕರಿಗೆ ಹೇಳಿ ಮಾಡಿಸಿದ ಜಾಗ ಎಂದು ಯಾರೂ ಅನ್ನಲಾರರು. ಮುಂಜಾನೆಯಿಂದ ಸುತ್ತಿಗೆ ಸದ್ದು, ಗಾಳಿ ತಿರುಗಿದರೆ ಬಣ್ಣದ ವಾಸನೆ. ಆದರೂ ಈ ಜಾಗ ನಮ್ಮ ಕೈ ಹಿಡಿದದ್ದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ.

ವಯಸ್ಸಾದವರ ಸ್ಥಿತಿ ಕೇಳಿದರೆ ನಾವು ಬಿಪಿ ಎಷ್ಟು, ಶುಗರ್ ಎಷ್ಟು ಎಂದು ಹೇಳುತ್ತೇವೆ. ನೋಡಿಕೊಳ್ಳುವವರಿಗೆ ಅದಕ್ಕಿಂತ ಬೇಕಾದ ಲೆಕ್ಕ ಬೇರೊಂದಿದೆ. ಸಿಡ್ನಿ ಕಾಟ್ಜ್ ಎಂಬ ಅಮೆರಿಕದ ವೈದ್ಯರು 1963ರಲ್ಲಿ ತಮ್ಮ ಜೊತೆಯವರೊಂದಿಗೆ ಅದನ್ನು ಪ್ರಕಟಿಸಿದರು. ಅವರು ನೋಡಿದ್ದು ಆರೇ ಕೆಲಸಗಳನ್ನು: ಜಳಕ, ಬಟ್ಟೆ ತೊಡುವುದು, ಪಾಯಖಾನೆಗೆ ಹೋಗಿ ಬರುವುದು, ಹಾಸಿಗೆಯಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ಊಟ. ಇವುಗಳಲ್ಲಿ ಎಷ್ಟನ್ನು ಆ ವ್ಯಕ್ತಿ ಯಾರ ಕೈಯೂ ಇಲ್ಲದೆ ಮಾಡಬಲ್ಲರು? ಕಾಟ್ಜ್ ಕಂಡ ಇನ್ನೊಂದು ಸಂಗತಿ ಇದಕ್ಕಿಂತ ದೊಡ್ಡದು. ಈ ಆರು ಹೇಗೆ ಬೇಕೋ ಹಾಗೆ ಕೈಬಿಡುವುದಿಲ್ಲ, ಅದಕ್ಕೊಂದು ಸರದಿ ಇದೆ. ಸಾಮಾನ್ಯವಾಗಿ ಮೊದಲು ಹೋಗುವುದು ಜಳಕ, ಕೊನೆಗೆ ಹೋಗುವುದು ಊಟ. ಸೊಂಟ ಮುರಿದವರು ಚೇತರಿಸಿಕೊಳ್ಳುವಾಗ ಸರದಿ ತಿರುಗುತ್ತದೆ: ಮೊದಲು ಊಟ, ಕೊನೆಗೆ ಜಳಕ. ಇದು ಗೊತ್ತಿದ್ದರೆ ಎರಡು ತೊಂದರೆ ತಪ್ಪುತ್ತವೆ. ತಮ್ಮ ಕೈಯಿಂದ ಉಣ್ಣಬಲ್ಲವರಿಗೆ ನಾವು ತುತ್ತು ಮಾಡಿ ತಿನ್ನಿಸಲು ಹೋಗುವುದಿಲ್ಲ. ಚೆಲ್ಲಲಿ, ನೆಲ ಒರೆಸಿದರಾಯಿತು. ಜಳಕ ತಾನೇ ಮಾಡುತ್ತೇನೆ ಎಂದು ಹಟ ಹಿಡಿದವರನ್ನು ಬಚ್ಚಲಿಗೆ ಒಬ್ಬರನ್ನೇ ಬಿಡುವುದೂ ಇಲ್ಲ.

ಜಳಕದ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಮನೆಮನೆಗಳಲ್ಲಿ ಜಗಳವಾಗುವುದು ಇಲ್ಲೇ. ನಿಲ್ಲಬೇಕು, ಬಾಗಬೇಕು, ಕಣ್ಣು ಮುಚ್ಚಿ ನೀರು ಸುರಿದುಕೊಳ್ಳಬೇಕು, ನೆಲ ಒದ್ದೆ. ಅದರ ಮೇಲೆ ಸೊಸೆಯ ಎದುರು ಬಟ್ಟೆ ಕಳಚುವ ನಾಚಿಕೆ. ಆ ನಾಚಿಕೆಯನ್ನೇ ನಾವು ಹಟ ಎಂದುಕೊಳ್ಳುತ್ತೇವೆ. ಹೆಗಲ ಮೇಲೆ ಒಂದು ಹಳೆಯ ಸೀರೆ ತುಂಡು ಹೊದಿಸಿ, ಅದರ ಒಳಗಿನಿಂದ ನೀರು ಹಾಕಿದರೆ ಅರ್ಧ ಜಗಳ ಮುಗಿಯುತ್ತದೆ. ಕಾಲಿಗೆ ರಬ್ಬರು ಬುಶ್ ಇರುವ ಕುರ್ಚಿ ಇರಲಿ. ಸಾಬೂನು, ಟವೆಲ್, ಬದಲಿ ಬಟ್ಟೆ ಮೊದಲೇ ಕೈಗೆ ಸಿಗುವಂತಿರಲಿ, ನಡುವೆ ಎದ್ದು ಹೋಗಬಾರದು. ನೀರಿನ ಬಿಸಿಯನ್ನು ನಾವೇ ಮುಟ್ಟಿ ನೋಡಬೇಕು, ಮುಪ್ಪಿನ ತೊಗಲು ತೆಳುವಾಗಿರುತ್ತದೆ. ದಿನಾ ತಲೆ ಮೇಲೆ ನೀರು ಬೀಳಲೇಬೇಕೆಂದು ವೈದ್ಯಶಾಸ್ತ್ರ ಹೇಳುವುದಿಲ್ಲ. ವಾರಕ್ಕೆ ಎರಡು ಮೂರು ಸಲ ಜಳಕ, ಉಳಿದ ದಿನ ಬಿಸಿನೀರಿನ ಬಟ್ಟೆಯಲ್ಲಿ ಮೈ ಒರೆಸಿದರೆ ಸಾಕು. ಇದನ್ನು ಅತ್ತೆಗೆ ಒಪ್ಪಿಸುವುದು ಮಾತ್ರ ಯಾವ ವೈದ್ಯರಿಂದಲೂ ಆಗಿಲ್ಲ. ಜಳಕ ಮಾಡದೆ ದೇವರಿಗೆ ಕೈ ಮುಗಿಯುವುದು ಹೇಗೆ?

ಈಗ ಆಟೋ ನಗರದ ವಿಷಯ. ನಮ್ಮವರು ಇಲ್ಲೇ ವರ್ಕ್‌ಶಾಪಿನಲ್ಲಿ ದುಡಿದು ನಿವೃತ್ತರಾದವರು. ಕಮೋಡಿನ ಪಕ್ಕಕ್ಕೆ ಹಿಡಿಕೆ ಬೇಕು ಎಂದೆ. ಪೇಟೆಯಲ್ಲಿ ಸಿಕ್ಕಿದ್ದು ಹೊಳೆಯುವ ಸ್ಟೀಲಿನದು, ಒದ್ದೆ ಕೈಗೆ ಜಾರುತ್ತಿತ್ತು. ಇವರು ಒಂದೂಕಾಲು ಇಂಚಿನ ಜಿಐ ಪೈಪು ಕತ್ತರಿಸಿ, ಬಾಗಿಸಿ, ವೆಲ್ಡಿಂಗ್ ಮಾಡಿಸಿ, ಗೋಡೆಗೆ ಆಂಕರ್ ಬೋಲ್ಟು ಹಾಕಿಸಿದರು. ವೆಲ್ಡಿಂಗ್ ಹುಡುಗ ಕೇಳಿದನಂತೆ: “ಕಾಕಾ, ಇದು ಯಾವ ಗಾಡೀದರೀ?” “ನಮ್ಮವ್ವನ ಗಾಡೀದಪಾ” ಎಂದರಂತೆ ಇವರು. ಮಂಚದ ಕಾಲಿಗೆ ಕಬ್ಬಿಣದ ಬುಡ ಕೂಡಿಸಿ ಎತ್ತರ ಹೊಂದಿಸಿದ್ದೂ ಅದೇ ಅಂಗಡಿಯಲ್ಲಿ. ಮಂಚದ ಎತ್ತರ ಮಲಗುವವರ ಮೊಣಕಾಲಿನ ಮಟ್ಟಕ್ಕಿರಬೇಕು. ಅಂಚಿಗೆ ಕೂತರೆ ಎರಡೂ ಪಾದ ನೆಲಕ್ಕೆ ಪೂರ್ತಿ ಊರಬೇಕು. ಮಂಚ ತಗ್ಗಾದರೆ ಏಳಲಾಗದು, ಎತ್ತರವಾದರೆ ಇಳಿಯುವಾಗ ಬೀಳುತ್ತಾರೆ. ವೀಲ್‌ಚೇರಿಗೆಂದು ಹೊಸ್ತಿಲಿಗೆ ಹಾಕಿದ ಚೆಕರ್ಡ್ ಪ್ಲೇಟು ಲಾರಿ ಬಾಡಿಯಲ್ಲಿ ಉಳಿದ ತುಂಡು.

ಆದರೆ ವರ್ಕ್‌ಶಾಪಿನ ಬುದ್ಧಿ ಮನೆಯಲ್ಲಿ ಯಾವಾಗಲೂ ನಡೆಯುವುದಿಲ್ಲ ನೋಡಿ. ಚೈನ್‌ಪುಲ್ಲಿ ಇಲ್ಲದೆ ಎಂಜಿನ್‌ಗೆ ಕೈ ಹಚ್ಚದ ಮನುಷ್ಯ, ಅವ್ವನನ್ನು ಮಾತ್ರ ಬರಿಗೈಯಲ್ಲಿ ಕಂಕುಳಿಗೆ ಕೈ ಹಾಕಿ ಎತ್ತಲು ಹೋಗುತ್ತಿದ್ದರು. ಕಂಕುಳು ಹಿಡಿದು ಎಳೆದರೆ ಅವರ ಭುಜಕ್ಕೂ ಪೆಟ್ಟು, ನಮ್ಮ ಬೆನ್ನಿಗೂ ಪೆಟ್ಟು. ಫಿಜಿಯೋಥೆರಪಿಯವರು ತೋರಿಸಿಕೊಟ್ಟ ರೀತಿ ಸುಲಭ: ಕುರ್ಚಿಯನ್ನು ಅವರ ಗಟ್ಟಿ ಕಾಲಿನ ಕಡೆಗೆ ಇಡಿ. ಅವರನ್ನು ಮಂಚದ ಅಂಚಿಗೆ ಸರಿಸಿ. ಅಗಲವಾದ ಗಟ್ಟಿ ಬೆಲ್ಟನ್ನು ಅವರ ಸೊಂಟಕ್ಕೆ ಕಟ್ಟಿ ಅದನ್ನು ಹಿಡಿಯಿರಿ. ನಿಮ್ಮ ಬೆನ್ನು ನೆಟ್ಟಗಿರಲಿ, ಮೊಣಕಾಲು ಬಾಗಲಿ. ಮೂರು ಎಣಿಸಿ, ಅವರು ಮುಂದೆ ಬಾಗಿದಾಗ ಜೊತೆಗೇ ಏಳಿ. ಎತ್ತುವುದಲ್ಲ, ಏಳಲು ಸಹಾಯ ಮಾಡುವುದು. ಪೂರ್ತಿ ಹಾಸಿಗೆ ಹಿಡಿದವರಾದರೆ ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹಿಂಬದಿ, ಸೊಂಟದ ಬದಿ, ಹಿಮ್ಮಡಿಗಳಲ್ಲಿ ಹುಣ್ಣಾಗುತ್ತದೆ. ತೊಗಲು ಕೆಂಪಾಗಿ, ಬೆರಳಿಂದ ಒತ್ತಿ ಬಿಟ್ಟರೂ ಬಣ್ಣ ಬದಲಾಗದಿದ್ದರೆ ಅದೇ ಹುಣ್ಣಿನ ಶುರುವಾತು. ಕಪ್ಪು ಮೈಯಲ್ಲಿ ಕೆಂಪು ಕಾಣುವುದಿಲ್ಲ, ಬಿಸಿಯಾಗಿದೆಯೇ, ಗಡುಸಾಗಿದೆಯೇ ಎಂದು ಮುಟ್ಟಿ ನೋಡಬೇಕು.

ಸಂಜೆ ಗ್ಯಾರೇಜುಗಳ ಸದ್ದು ನಿಂತಿತೋ, ಅತ್ತೆಯ ಸದ್ದು ಶುರು. “ಕತ್ತಲಾತು, ಮನಿಗಿ ಹೋಗೂಣು ನಡೀ.” ಮರೆವಿನ ಕಾಯಿಲೆ ಇರುವವರಲ್ಲಿ ಹೊತ್ತು ಮುಳುಗುವಾಗ ಹೀಗೆ ತಳಮಳ ಹೆಚ್ಚುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಸಂಗತಿ. ಇದೇ ನಿಮ್ಮ ಮನೆ ಎಂದು ವಾದಿಸಿ ಗೆದ್ದವರನ್ನು ನಾನು ಕಂಡಿಲ್ಲ. “ಹೂಂನ್ರಿ ಅತ್ತಿ, ಚಾ ಕುಡದು ಹೋಗೂಣ್ರಿ” ಎಂದರೆ ಚಹಾದೊಳಗೆ ಖಾನಾಪುರ ಮರೆತುಹೋಗುತ್ತದೆ. ದೀಪಗಳನ್ನು ಕತ್ತಲಾಗುವ ಮೊದಲೇ ಹಚ್ಚುವುದೂ ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಎಚ್ಚರ: ನಿನ್ನೆಯವರೆಗೆ ಸರಿಯಾಗಿದ್ದವರು ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ ಅದನ್ನು ಮುಪ್ಪಿನ ತಲೆಗೆ ಕಟ್ಟಬೇಡಿ. ಮೂತ್ರದ ಸೋಂಕು, ನೀರು ಕಡಿಮೆಯಾದದ್ದು, ಹೊಸ ಮಾತ್ರೆ, ಇವುಗಳಿಂದಲೂ ಹಾಗಾಗುತ್ತದೆ. ಅಂದೇ ಡಾಕ್ಟರಿಗೆ ತೋರಿಸಬೇಕು. 2023ರ ವಿಧಾನಸಭಾ ಚುನಾವಣೆಯಲ್ಲಿ 80 ದಾಟಿದವರ ವೋಟಿಗೆ ಅಧಿಕಾರಿಗಳೇ ಮನೆ ಬಾಗಿಲಿಗೆ ಬಂದರು. ಡಾಕ್ಟರೂ ಹಾಗೆ ಬರುವ ದಿನ ಬಂದರೆ ಎಷ್ಟು ಚೆನ್ನ.

ದುಡ್ಡಿನ ಮಾತನ್ನು ಬೇಗ ಮುಗಿಸುತ್ತೇನೆ. ಖಾಸಗಿ ಕಾರ್ಖಾನೆಯಲ್ಲಿ ದುಡಿದವರಿಗೆ 1995ರ ಪಿಂಚಣಿ ಯೋಜನೆಯಲ್ಲಿ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. ಲೆಕ್ಕಕ್ಕೆ ಹಿಡಿಯುವ ಸಂಬಳದ ಮಿತಿ 15,000 ರೂಪಾಯಿ. ಪೂರ್ತಿ ಮಿತಿಯನ್ನೇ ಹಿಡಿದರೂ 35 ವರ್ಷ ದುಡಿದವರಿಗೆ ಬರುವುದು 7,500ರ ಆಸುಪಾಸು. ಬೇರೆ ಪಿಂಚಣಿ ಇಲ್ಲದ ಬಡ ಹಿರಿಯರಿಗೆ 65 ತುಂಬಿದ ಮೇಲೆ ಸಂಧ್ಯಾ ಸುರಕ್ಷಾ ಯೋಜನೆಯಿಂದ ತಿಂಗಳಿಗೆ 1,200 ರೂಪಾಯಿ. ನನ್ನದು ಶಾಲೆಯ ನೌಕರಿಯ ಪಿಂಚಣಿ ಇರುವುದರಿಂದ ನಮ್ಮದು ನಡೆಯುತ್ತದೆ. ವರ್ಷಕ್ಕೊಮ್ಮೆ ಬದುಕಿದ್ದೇವೆ ಎಂದು ಸಾಬೀತು ಮಾಡುವ ಜೀವನ ಪ್ರಮಾಣದ್ದು ಬೇರೆ ಕಥೆ. ಅರ ಉಜ್ಜಿ ಉಜ್ಜಿ ಸವೆದ ಬೆರಳನ್ನು ಮಷಿನ್ನು ಗುರುತಿಸುವುದಿಲ್ಲ. ಈಗ ಮೊಬೈಲಿನಲ್ಲಿ ಮುಖ ತೋರಿಸಿದರೂ ನಡೆಯುತ್ತದೆ, ಪೋಸ್ಟ್‌ಮನ್ ಮನೆಗೇ ಬಂದು ಮಾಡಿಕೊಡುವ ಸೌಲಭ್ಯವೂ ಇದೆ.

ಇನ್ನು ಕಾಯ್ದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಯ ಆ 2007ರ ಕಾಯ್ದೆಯ ಪ್ರಕಾರ ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ಅರ್ಜಿ ಕೊಡಬಹುದು. ವಕೀಲರ ಗೊಡವೆ ಇಲ್ಲ, ತಿಂಗಳಿಗೆ 10,000 ರೂಪಾಯಿವರೆಗೆ ಜೀವನಾಂಶ ಕೊಡಿಸಬಹುದು. ನೋಡಿಕೊಳ್ಳುತ್ತೇನೆ ಎಂಬ ಷರತ್ತಿನ ಮೇಲೆ ಬರೆಸಿಕೊಂಡ ಆಸ್ತಿಯನ್ನು, ಆ ಮಾತು ತಪ್ಪಿದರೆ, ರದ್ದು ಮಾಡಿಸಲೂ ಬರುತ್ತದೆ. ಮಕ್ಕಳು ಎಂದರೆ ಯಾರು? ಮಗ, ಮಗಳು, ಮೊಮ್ಮಗ, ಮೊಮ್ಮಗಳು. ಸೊಸೆ ಆ ಪಟ್ಟಿಯಲ್ಲಿ ಇಲ್ಲ. 2019ರಲ್ಲಿ ಲೋಕಸಭೆಗೆ ಬಂದ ತಿದ್ದುಪಡಿ ಮಸೂದೆಯಲ್ಲಿ ಸೊಸೆ, ಅಳಿಯರನ್ನು ಸೇರಿಸಿದ್ದರು, ಅದು ಕಾಯ್ದೆಯಾಗಲಿಲ್ಲ. ನಾನು ಇದನ್ನು ನಮ್ಮವರಿಗೆ ಓದಿ ಹೇಳಿದೆ. “ಹಂಗಾದ್ರ ನೀ ಮಾಡೂದೆಲ್ಲಾ ಪುಕ್ಕಟೆ” ಎಂದರು. ನಗುತ್ತಲೇ ಅಂದದ್ದು, ಆದರೆ ದೇಶದ ಲಕ್ಷಾಂತರ ಮನೆಗಳಲ್ಲಿ ಇದು ನಗೆಯ ಮಾತಲ್ಲ. ಕೈ ಹಚ್ಚುವವಳು ಸೊಸೆ, ಹೆಸರು ಮಗನದು. ಕಾಯ್ದೆಯಲ್ಲಿ ಮಗನಷ್ಟೇ ಹೊಣೆಯಿರುವ ಮಗಳಿಗೆ ಆ ಹೊಣೆ ಇದೆ ಎಂದು ಯಾರೂ ಹೇಳಿಯೇ ಇರುವುದಿಲ್ಲ.

ಮುದುಕರೇ ಮುದುಕರನ್ನು ನೋಡಿಕೊಳ್ಳುವ ಈ ಪಾಡನ್ನು ನಮಗಿಂತ ಮೊದಲು ಕಂಡದ್ದು ಜಪಾನ್. ಸಾವಾಕೊ ಅರಿಯೋಶಿ ಎಂಬ ಲೇಖಕಿ 1972ರಲ್ಲೇ ಮರೆವಿನ ಮಾವನನ್ನು ನೋಡಿಕೊಳ್ಳುವ ಸೊಸೆಯ ಬಗ್ಗೆ ಕಾದಂಬರಿ ಬರೆದರು. ಅದು ಅಲ್ಲಿ ಮನೆಮಾತಾಯಿತು. 2000ದ ಏಪ್ರಿಲ್‌ನಿಂದ ಅಲ್ಲಿ ಆರೈಕೆಗೇ ಪ್ರತ್ಯೇಕ ವಿಮೆ ಇದೆ. 40 ದಾಟಿದವರೆಲ್ಲ ಕಂತು ಕಟ್ಟುತ್ತಾರೆ. ಬೇಕಾದಾಗ ಅಧಿಕಾರಿಗಳು ಬಂದು ಈ ಮನುಷ್ಯನಿಗೆ ಎಷ್ಟು ಸಹಾಯ ಬೇಕು ಎಂದು ಅಳೆಯುತ್ತಾರೆ, ಅದಕ್ಕೆ ತಕ್ಕ ಸೇವೆ ಸಿಗುತ್ತದೆ. ಹೆಚ್ಚಿನವರು ಖರ್ಚಿನ ಹತ್ತರಲ್ಲೊಂದು ಪಾಲು ಕೊಟ್ಟರೆ ಸಾಕು. ವ್ಯಾನಿನಲ್ಲಿ ತೊಟ್ಟಿ ತಂದು ಮನೆಯಲ್ಲೇ ಜಳಕ ಮಾಡಿಸಿ ಹೋಗುವ ಸೇವೆಯೂ ಇದೆ! ಇಷ್ಟೆಲ್ಲ ಇದ್ದೂ, 2022ರ ಅಲ್ಲಿನ ಸರಕಾರಿ ಸಮೀಕ್ಷೆಯಲ್ಲಿ, ಮನೆಯವರೇ ಜೊತೆಗಿದ್ದು ನೋಡಿಕೊಳ್ಳುವ ಕಡೆ ನೂರಕ್ಕೆ 63.5 ಪ್ರಕರಣಗಳಲ್ಲಿ ಇಬ್ಬರೂ 65 ದಾಟಿದವರು. ವಿಮೆಯಿಂದ ವಯಸ್ಸು ಇಳಿಯುವುದಿಲ್ಲ, ಹೊರೆ ಮಾತ್ರ ಹಂಚಿಹೋಗುತ್ತದೆ. ನಮ್ಮಲ್ಲಿ ಅಂಥ ವಿಮೆ ಇಲ್ಲ. ಇರುವುದು 14567 ಎಂಬ ಹಿರಿಯರ ಸಹಾಯವಾಣಿ, ಮತ್ತೆ ನಮ್ಮ ನಮ್ಮ ಬಳಗ.

ಹಾಗಾಗಿ ಬಳಗದೊಳಗೇ ಲೆಕ್ಕ ಇಡಬೇಕಾಯಿತು. ಪುಣೆಯ ಮೈದುನ ಭಾನುವಾರಕ್ಕೊಮ್ಮೆ ಫೋನ್ ಮಾಡಿ “ವೈನಿ, ಅವ್ವಗ ಏನ್ ಉಣ್ಣಾಕ ಕೊಟ್ರಿ?” ಎಂದು ಕೇಳುತ್ತಿದ್ದ. ಒಂದು ತಿಂಗಳು ನಾನು ಡೈರಿ ಬರೆದೆ: ಯಾವ ಹೊತ್ತಿಗೆ ಎದ್ದೆ, ರಾತ್ರಿ ಎಷ್ಟು ಸಲ ಎಬ್ಬಿಸಿದರು, ಡೈಪರಿಗೆ ಎಷ್ಟು, ಮಾತ್ರೆಗೆ ಎಷ್ಟು. ಉತ್ತರದ ಬದಲು ಅದರ ಫೋಟೋ ಕಳಿಸಿದೆ. ಈಗ ಹಗಲಿಗೆ ಆರೈಕೆಗೆ ಬರುವ ಮಾವಶಿಯ ಸಂಬಳ ಅವನದು. ಅತ್ತೆಗೂ ಆಕೆಗೂ ಮರಾಠಿಯಲ್ಲಿ ಚೆನ್ನಾಗಿ ಕೂಡುತ್ತದೆ, ನನ್ನ ಮೇಲಿನ ದೂರುಗಳೆಲ್ಲ ಆ ಭಾಷೆಯಲ್ಲೇ ನಡೆಯುತ್ತವೆ. ನಂದಗಡದ ನಾದಿನಿ ವಾರಕ್ಕೊಂದು ದಿನ ಬಸ್ಸಿಗೆ ಬರುತ್ತಾಳೆ, ಖರ್ಚಿನ ನೆಪ ಹೇಳಲು ಸರಕಾರ ಅವಕಾಶ ಉಳಿಸಿಲ್ಲ. ಅವಳು ಕಲಸಿಕೊಟ್ಟರೆ ಅತ್ತೆ ಎರಡು ತುತ್ತು ಹೆಚ್ಚೇ ಉಣ್ಣುತ್ತಾರೆ, ನನಗೆ ಕೇಳಿಸುವಂತೆ ಮಗಳ ಕೈರುಚಿ ಹೊಗಳುತ್ತಾರೆ. ಮೊದಲು ಅದಕ್ಕೆ ಹೊಟ್ಟೆ ಉರಿಯುತ್ತಿತ್ತು. ಈಗ ಕೇಳಿಸುವುದಿಲ್ಲ, ಆ ಹೊತ್ತಿಗೆ ನಾವಿಬ್ಬರೂ ಖಡೇಬಜಾರಿನಲ್ಲಿ ಇರುತ್ತೇವೆ.