ಹರೆಯ ಬೇಗ ಬಂದಾಗ



ಒಂಬತ್ತು ವರ್ಷದ ಹುಡುಗಿಯೊಬ್ಬಳು ತಾಯಿಯ ಬಳಿ ಬಂದು, "ಅಮ್ಮಾ, ಎದೆಯ ಒಂದು ಕಡೆ ಗಂಟಾಗಿದೆ, ನೋಯುತ್ತದೆ" ಎನ್ನುತ್ತಾಳೆ. ಮನೆಯವರಿಗೆ ಗಾಬರಿ. ಗಡ್ಡೆಯೇ? ರೋಗವೇ? ಬಹುಪಾಲು ಸಂದರ್ಭಗಳಲ್ಲಿ ಎರಡೂ ಅಲ್ಲ. ಅದು ಸ್ತನದ ಮೊಗ್ಗು. ಹರೆಯದ ಮೊದಲ ಗುರುತು. ಅದು ಮೊದಲು ಒಂದೇ ಕಡೆ ಕಾಣಿಸಿಕೊಳ್ಳುವುದೂ ಸಹಜ. ಗಂಟೆಂದು ತಪ್ಪು ತಿಳಿದು ಅದನ್ನು ಕತ್ತರಿಸಿ ತೆಗೆದರೆ, ಆ ಭಾಗದಲ್ಲಿ ಸ್ತನ ಮುಂದೆ ಬೆಳೆಯದೆ ಹೋಗಬಹುದು.

ಈ ಬದಲಾವಣೆಯ ಆದೇಶ ಹೊರಡುವುದು ಮಿದುಳಿನಿಂದ. ಅಲ್ಲಿನ ಹೈಪೋಥಾಲಮಸ್ ಪಿಟ್ಯುಟರಿ ಗ್ರಂಥಿಯನ್ನು ಎಚ್ಚರಿಸುತ್ತದೆ. ಪಿಟ್ಯುಟರಿಯು ಅಂಡಾಶಯವನ್ನು ಎಚ್ಚರಿಸುತ್ತದೆ. ಅಂಡಾಶಯದಲ್ಲಿ ಈಸ್ಟ್ರೋಜನ್ ಎಂಬ ಹಾರ್ಮೋನು ತಯಾರಾಗುತ್ತದೆ. ಸಾಮಾನ್ಯವಾಗಿ ಇದು 8ರಿಂದ 13 ವರ್ಷಗಳ ನಡುವೆ ಆರಂಭವಾಗುತ್ತದೆ. ಮುಟ್ಟು ಬರುವುದು ಅದಾದ ಸುಮಾರು ಎರಡು, ಎರಡೂವರೆ ವರ್ಷಗಳ ಮೇಲೆ.

8 ವರ್ಷಕ್ಕೆ ಮುನ್ನವೇ ಕಾಣಿಸಿಕೊಂಡರೆ? ಆಗ ವೈದ್ಯರಿಗೆ ತೋರಿಸಲೇಬೇಕು. ಎರಡು ವರ್ಷದೊಳಗಿನ ಕೂಸುಗಳಲ್ಲಿ ಇದು ಕಾಣಿಸಿಕೊಂಡರೆ ಸಾಮಾನ್ಯವಾಗಿ ತಾನಾಗಿ ಅಡಗುತ್ತದೆ. ಆದರೆ ಆರೇಳು ವರ್ಷದವಳು ಇದರ ಜೊತೆಗೆ ಸರಸರನೆ ಎತ್ತರವಾಗತೊಡಗಿದರೆ, ಅದು ಅಕಾಲ ಹರೆಯವಿರಬಹುದು. ಇಂಥವಳು ಇಂದು ತರಗತಿಯಲ್ಲೇ ಎತ್ತರದವಳು. ಆದರೆ ಮೂಳೆಗಳ ತುದಿಗಳು ಬೇಗ ಕೂಡಿಕೊಳ್ಳುವುದರಿಂದ ನಾಳೆ ಕುಳ್ಳಗಾಗಿಯೇ ಉಳಿಯಬಹುದು. ವೈದ್ಯರು ಎಡಗೈಯ ಎಕ್ಸ್-ರೇ ತೆಗೆಸಿ ಮೂಳೆಯ ವಯಸ್ಸನ್ನು ಅಳೆಯುತ್ತಾರೆ. ಅಗತ್ಯವಿದ್ದರೆ, ಹರೆಯವನ್ನು ಕೆಲಕಾಲ ತಡೆಹಿಡಿಯುವ ಚುಚ್ಚುಮದ್ದೂ ಇದೆ.

ಜಗತ್ತಿನ ಹಲವೆಡೆ ಈ ಮೊದಲ ಗುರುತು ಹಿಂದಿಗಿಂತ ಬೇಗ ಕಾಣಿಸುತ್ತಿದೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ನಡೆದ ಅಧ್ಯಯನದಲ್ಲಿ, 1991ರ ಸುಮಾರಿಗೆ 10.9 ವರ್ಷವಿದ್ದ ಸರಾಸರಿ ವಯಸ್ಸು 2006ರ ಸುಮಾರಿಗೆ 9.9ಕ್ಕೆ ಇಳಿದಿತ್ತು. ಮುಟ್ಟಿನ ವಯಸ್ಸು ಮಾತ್ರ ಕೆಲವೇ ತಿಂಗಳಷ್ಟು ಇಳಿದಿತ್ತು. ಮೈಯಲ್ಲಿ ಕೊಬ್ಬು ಹೆಚ್ಚಿದ ಹುಡುಗಿಯರಲ್ಲಿ ಹರೆಯ ಬೇಗ ಬರುವ ಸಂಭವ ಹೆಚ್ಚು. ಆದರೆ ಕೋಪನ್‌ಹೇಗನ್ನಿನ ಬದಲಾವಣೆಗೆ ತೂಕವೊಂದೇ ಕಾರಣವಾಗಿರಲಿಲ್ಲ. ಆದ್ದರಿಂದ ಮಗುವಿನ ಊಟವನ್ನು ದೂರುವುದಾಗಲಿ, ತಾಯಿಯನ್ನು ದೂರುವುದಾಗಲಿ ಸಲ್ಲದು.

ಕೊನೆಯದಾಗಿ ಒಂದು ಮಾತು. ದೇಹ ಮುಂದೆ ಓಡಿದರೂ ಮನಸ್ಸು ಎಂಟೊಂಬತ್ತು ವರ್ಷದ್ದೇ. ನಿಮ್ಮ ತಂಗಿಯೋ, ಕಿರಿಯ ಗೆಳತಿಯೋ ಇದ್ದಕ್ಕಿದ್ದಂತೆ ಬೆನ್ನು ಬಗ್ಗಿಸಿ ನಡೆಯತೊಡಗಿದರೆ, ಆಟದ ಬಯಲಿನಿಂದ ದೂರ ಸರಿದರೆ, ಕಾರಣ ಇದೇ ಇರಬಹುದು. ನಗಬೇಡಿ, "ದೊಡ್ಡವಳಾದೆ" ಎಂದು ಆಟ ಬಿಡಿಸಬೇಡಿ. "ಇದು ರೋಗವಲ್ಲ, ನಿನ್ನ ತಪ್ಪೂ ಅಲ್ಲ" ಎಂದು ಹೇಳಿ. ತಾಯಿಯ ಬಳಿಗೆ, ಬೇಕಾದರೆ ವೈದ್ಯರ ಬಳಿಗೆ ಜೊತೆಯಾಗಿ ಹೋಗಿ. ತಿಳಿದವರ ಒಂದು ಮಾತು ಆ ಮಗುವಿನ ಎಷ್ಟೋ ದಿನಗಳ ಭಯವನ್ನು ಕಳೆಯಬಲ್ಲದು.